ಮೋಟರ್ ಇಲ್ಲದ ವಿಮಾನ

ಮೂವತ್ತು ವರ್ಷಗಳಿಂದ ನಾನು ಹಾನಗಲ್ ಬಸ್ ನಿಲ್ದಾಣದಲ್ಲಿ ಕೂತು ಮೈಕಿನಲ್ಲಿ ಊರುಗಳ ಹೆಸರು ಕೂಗುತ್ತ ಬಂದಿದ್ದೇನೆ. ಹಾವೇರಿ, ಹುಬ್ಬಳ್ಳಿ, ಶಿಗ್ಗಾಂವಿ, ಹಿರೇಕೆರೂರು. ನಾನು ಹೆಸರು ಹೇಳಿದ ಊರಿಗೆಲ್ಲ ಜನ ಹೋಗಿ ಬಂದರು, ನಾನು ಮಾತ್ರ ಕುರ್ಚಿ ಬಿಟ್ಟು ಕದಲಲಿಲ್ಲ. ಈ ಕೆಲಸದಲ್ಲಿ ಮನುಷ್ಯನ ದೃಷ್ಟಿ ಬಸ್ಸಿನ ಹಣೆಯ ಮೇಲಿನ ಬೋರ್ಡಿಗಿಂತ ಮೇಲೆ ಹೋಗುವ ಪ್ರಸಂಗವೇ ಬರುವುದಿಲ್ಲ. ಹೀಗಾಗಿ, ನಿಮ್ಮೆದುರು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ: ಐವತ್ನಾಲ್ಕು ತುಂಬುವ ತನಕ ನಾನು ಆಕಾಶವನ್ನು ಸರಿಯಾಗಿ ನೋಡಿದವನಲ್ಲ. ಮಳೆ ಬಂದಾಗ ನೋಡಿದ್ದುಂಟು, ಅದೂ ಛತ್ರಿ ಮರೆತ ಸಿಟ್ಟಿನಲ್ಲಿ.

ಆಕಾಶ ಹಾಗಿರಲಿ, ನಿಲ್ದಾಣದ ಕಂಬಕ್ಕೆ ಅಂಟಿಸಿದ ಕರಪತ್ರವನ್ನೂ ನಾನು ಪೂರ್ತಿ ಓದಲಿಲ್ಲ. “ತಡಸದ ಹತ್ತಿರ ಶನಿವಾರ, ಭಾನುವಾರ ವಿಮಾನ ಪ್ರದರ್ಶನ, ಎಲ್ಲರಿಗೂ ಸ್ವಾಗತ” ಎಂಬ ದಪ್ಪಕ್ಷರವನ್ನಷ್ಟೇ ಓದಿದೆ. ಕೆಳಗೆ ಸಣ್ಣಕ್ಷರದಲ್ಲಿ ಇನ್ನೇನೋ ಇತ್ತು. ಕನ್ನಡಕ ಡ್ರಾವರಿನಲ್ಲಿತ್ತು, ಡ್ರಾವರು ಒಳಗಿತ್ತು. ಅದನ್ನು ತರಲು ಯಾರು ಹೋಗುತ್ತಾರೆ ಎಂದುಕೊಂಡು ಅಲ್ಲಿಂದಲೇ ನೀಲಕ್ಕನಿಗೆ ಫೋನ್ ಮಾಡಿದೆ.

ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ಹಿರೇಕೆರೂರಿನ ಹತ್ತಿರದ ಹಳ್ಳಿಯಲ್ಲಿ ಇವತ್ತಿಗೂ ಹೊಲಕ್ಕೆ ಹೋಗಿ ಕೆಲಸ ಮಾಡುವ ಅರವತ್ತೇಳರ ಗಟ್ಟಿ ಹೆಂಗಸು. ವಿಮಾನದಲ್ಲಿ ಒಂದು ಸಲ ಕೂತು ಇಳಿಯಬೇಕು, ಅದು ಹಾರದಿದ್ದರೂ ಪರವಾಗಿಲ್ಲ ಎಂಬುದು ಅವಳ ಬಹಳ ದಿನದ ಆಸೆ.

“ಒಳಗ ಕುಂದ್ರಾಕ ಬಿಡ್ತಾರೇನೋ ತಮ್ಮಾ?” ಎಂದು ಕೇಳಿದಳು.

“ಪ್ರದರ್ಶನ ಅಂದ್ರ ಮತ್ತೇನಕ್ಕಾ, ಹತ್ತಿಸಿ ಇಳಸ್ತಾರ,” ಎಂದೆ. ಮೈಕ್ ಮುಂದೆ ಮೂವತ್ತು ವರ್ಷ ಕೂತವನಿಗೆ ಗೊತ್ತಿಲ್ಲದ್ದನ್ನು ಖಚಿತವಾಗಿ ಹೇಳುವ ಅಭ್ಯಾಸ ಆಗಿಬಿಟ್ಟಿರುತ್ತದೆ.

ಭಾನುವಾರ ಬೆಳಿಗ್ಗೆ ನೀಲಕ್ಕ ಹೊಸ ಇಳಕಲ್ ಸೀರೆ ಉಟ್ಟು, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಹಿಡಿದು ಹಾನಗಲ್ಲಿಗೆ ಬಂದಿಳಿದಳು. ಇಬ್ಬರೂ ಹುಬ್ಬಳ್ಳಿ ಬಸ್ ಹತ್ತಿ ತಡಸಕ್ಕೆ ಹೋದೆವು. ಊರಾಚೆ, ಗೋವಿನಜೋಳ ಕಟಾವಾಗಿದ್ದ ವಿಶಾಲ ಹೊಲವೊಂದನ್ನು ಸಮ ಮಾಡಿ, ಅಂಚಿನಲ್ಲಿ ಶಾಮಿಯಾನ ಹಾಕಿದ್ದರು. ಜನ ತುಂಬಿದ್ದರು. ನೀಲಕ್ಕ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು.

“ಎಲ್ಲೈತೋ ವಿಮಾನ?”

ಶಾಮಿಯಾನದ ಕೆಳಗಿನ ಉದ್ದ ಮೇಜುಗಳನ್ನು ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಮೇಜಿನ ಮೇಲೆ ಕೆಂಪು, ನೀಲಿ, ಹಳದಿ ವಿಮಾನಗಳಿದ್ದವು. ಒಂದೊಂದೂ ತೊಟ್ಟಿಲಿನಷ್ಟು ಉದ್ದ. ಅತ್ತ ಬೆರಳು ತೋರಿಸಿದೆ. ನೀಲಕ್ಕ ಹತ್ತಿರ ಹೋಗಿ, ಬಗ್ಗಿ, ಒಂದು ವಿಮಾನದ ಬೆನ್ನು ಸವರಿ, ನನ್ನ ಕಡೆ ತಿರುಗಿದಳು.

“ಇದರಾಗ ನಾ ಕುಂದ್ರಬೇಕೋ, ಇದನ್ನ ನನ್ನ ತೊಡಿ ಮ್ಯಾಲ ಕುಂದ್ರಿಸ್ಕೋಬೇಕೋ?”

ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಕರಪತ್ರದ ಸಣ್ಣಕ್ಷರದಲ್ಲಿ ಇದ್ದದ್ದು “ರೇಡಿಯೋ ನಿಯಂತ್ರಿತ ಮಾದರಿ ವಿಮಾನಗಳು” ಎಂದು, ಶಾಮಿಯಾನದ ಬ್ಯಾನರ್ ಓದಿ ತಿಳಿದುಕೊಂಡೆ. ನನ್ನ ಪರವಾಗಿ ನಾನೇ ಒಂದು ವಾದ ಹೂಡಿದೆ. ವಿಮಾನ ಎಂಬ ಮಾತೇ ಮೋಸದ್ದು. ನಮ್ಮ ಹಾನಗಲ್ಲಿನ ಹಳೇ ಗುಡಿಯ ಗರ್ಭಗುಡಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿ ನಿಂತಿದೆಯಲ್ಲ, ಅದಕ್ಕೂ ಪಂಡಿತರು ವಿಮಾನ ಎಂದೇ ಕರೆಯುತ್ತಾರೆ. ಅಷ್ಟು ಶತಮಾನದಿಂದ ಒಂದಂಗುಲ ಅಲುಗಾಡದ ಕಲ್ಲು ವಿಮಾನವಾಗಬಹುದಾದರೆ, ಗಾಳಿಯಲ್ಲಿ ನಿಜವಾಗಿ ಹಾರುವ ಮೂರು ಮೊಳದ್ದು ಯಾಕೆ ಆಗಬಾರದು? ನೀಲಕ್ಕ ಈ ವಾದವನ್ನು ರೊಟ್ಟಿಯ ಗಂಟು ನನ್ನ ಕೈಗೆ ಕೊಡುವ ಮೂಲಕ ಮುಗಿಸಿದಳು.

ಆಮೇಲೆ ಪ್ರದರ್ಶನ ಸುರುವಾಯಿತು.

ಮೊದಲು ಎಂಜಿನ್ ಇದ್ದದ್ದೊಂದು ಕಣಜದ ಹುಳದ ಹಾಗೆ ಕಿರುಚುತ್ತ ಮೇಲೆದ್ದು, ಎರಡು ಸಲ ಮಗುಚಿ, ಹೊಟ್ಟೆ ಮೇಲೆ ಮಾಡಿಕೊಂಡೇ ನಮ್ಮ ಕಣ್ಣ ಮುಂದೆ ಹಾದುಹೋಯಿತು. ಇನ್ನೊಂದು ಬಾಲ ಕೆಳಗೆ, ಮೂತಿ ಮೇಲೆ ಮಾಡಿ, ಯಾರೋ ಕಾಣದ ಮೊಳೆಗೆ ತೂಗುಹಾಕಿದಂತೆ ನಡುಗಾಳಿಯಲ್ಲಿ ನಿಂತುಕೊಂಡಿತು. ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬರು ಥರ್ಮಾಕೋಲಿನ ಹಾಳೆಯಲ್ಲಿ ಮೊರದ ಆಕಾರ ಮಾಡಿ, ಅದಕ್ಕೊಂದು ಫ್ಯಾನ್ ಸಿಕ್ಕಿಸಿ ಹಾರಿಸಿದರು. ಮೊರ ಹಾರಿತು, ಹೊರಳಿತು, ಇಳಿದೂ ಇಳಿಯಿತು. “ಅಯ್ಯ ನನ್ನ ಶಿವನ!” ಎಂದು ನೀಲಕ್ಕ ಬಾಯಿಗೆ ಸೆರಗು ಹಚ್ಚಿದಳು. ನನ್ನ ಬಾಯಿಗೆ ಹಚ್ಚಿಕೊಳ್ಳಲು ಏನೂ ಇರಲಿಲ್ಲ. ಅದು ತೆರೆದೇ ಇತ್ತು.

ಬಿಸಿಲು ಏರಿದಾಗ ಶಾಮಿಯಾನದ ಕೊನೆಯಿಂದ ಒಂದು ದೊಡ್ಡ ಬಿಳಿ ವಿಮಾನವನ್ನು ಇಬ್ಬರು ಹೊತ್ತು ತಂದರು. ಒಬ್ಬರು ಸವಣೂರಿನ ಫಕ್ಕೀರಪ್ಪ, ಪಂಪಿನ ಮೋಟರಿಗೆ ತಂತಿ ಸುತ್ತುವ ಕೆಲಸ ಮಾಡಿ ಮುಪ್ಪಾದವರು. ಇನ್ನೊಬ್ಬಳು ಅವರ ಮಗಳು ಸುಜಾತಾ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ವಿಮಾನದ ಹೆಸರು ಬೆಳ್ಳಕ್ಕಿ. ರೆಕ್ಕೆಯ ತುದಿಯಿಂದ ತುದಿಗೆ ಇಬ್ಬರು ಮನುಷ್ಯರು ಅಡ್ಡ ಮಲಗಬಹುದಾದಷ್ಟು ಅಗಲ. ಮೂತಿಯಲ್ಲಿ ಫ್ಯಾನ್ ಇರಲಿಲ್ಲ.

“ಇದರ ಮೋಟರ್ ಎಲ್ಲೈತ್ರಿ?” ಎಂದು ಕೇಳಿದೆ.

“ಇಲ್ರಿ,” ಎಂದರು ಫಕ್ಕೀರಪ್ಪ. “ಜೀವನಾ ಪೂರಾ ಮೋಟರ್ ಕಟ್ಟೇನ್ರಿ. ಒಂದರ ಮೋಟರ್ ಇಲ್ಲದ್ದ ಮಾಡೂಣು ಅನ್ನಿಸ್ತು.”

ಚಹಾದ ಗ್ಲಾಸು ಅವರ ಕೈಯಲ್ಲಿ ಒಂದೇ ಸಮನೆ ನಡುಗುತ್ತಿತ್ತು. ಎರಡು ವರ್ಷದಿಂದ ಹೀಗೆ ಎಂದು ಸುಜಾತಾ ಹೇಳಿದಳು. ಹಗುರ ಕಟ್ಟಿಗೆಯ ತೆಳು ಪಟ್ಟಿಗಳನ್ನು ಆ ಕೈಯಲ್ಲೇ ಕೊಯ್ದು, ಕೊಯ್ದದ್ದು ಕೆಟ್ಟರೆ ಮತ್ತೆ ಕೊಯ್ದು, ಒಂದು ವರ್ಷ ಹಿಡಿದು ಕಟ್ಟಿದ್ದರಂತೆ. ಹಾರಿಸುವುದು ಅವರಿಂದ ಆಗುವುದಿಲ್ಲ. ಮಗಳು ಹಾರಿಸುತ್ತಾಳೆ, ಅವರು ಪಕ್ಕದಲ್ಲಿ ನಿಂತು ಗಾಳಿ ಓದುತ್ತಾರೆ. “ಇದ ಕಡೀದ್ರಿ,” ಎಂದರು ಅವರು, ಬಸ್ಸಿನ ಹೊತ್ತು ಹೇಳುವಷ್ಟು ಸಹಜವಾಗಿ.

ಬೆಳ್ಳಕ್ಕಿಯನ್ನು ಹಾರಿಸಿದ್ದು ಕವಣೆಯಂತೆ. ನೆಲಕ್ಕೆ ಗೂಟ ಹೊಡೆದು, ಉದ್ದನೆಯ ರಬ್ಬರ್ ಕೊಳವೆ ಕಟ್ಟಿ, ಅದಕ್ಕೆ ನೂಲು ಜೋಡಿಸಿ, ಹಿಂದಕ್ಕೆ ಜಗ್ಗಿ ಬಿಟ್ಟರು. ಅದು ಸುಂಯ್ ಎಂದು ಏರಿ, ನೂಲು ಕಳಚಿಕೊಂಡು, ಮೇಲೆ ಹೋಗಿ ಸುಮ್ಮನಾಯಿತು. ಆ ಸುಮ್ಮನಿರುವಿಕೆಯನ್ನು ಹೇಗೆ ಹೇಳಲಿ? ಇಷ್ಟು ಹೊತ್ತು ಕಿರುಚಾಟ ಕೇಳಿದ್ದ ನೂರಾರು ಜನ ಒಮ್ಮೆಲೇ ದನಿ ತಗ್ಗಿಸಿದರು. ಒಂದು ಬಿಳಿ ಗೆರೆ ನೀಲಿಯ ಮೇಲೆ ತನ್ನಷ್ಟಕ್ಕೆ ಜಾರುತ್ತಿತ್ತು.

ಆದರೆ ಮೋಟರಿಲ್ಲದ್ದು ಎಷ್ಟು ಹೊತ್ತು ಇದ್ದೀತು? ಅದು ನಿಧಾನಕ್ಕೆ ಇಳಿಯತೊಡಗಿತು. ಸುಜಾತಾ ಕೈಯಲ್ಲಿದ್ದ ರೇಡಿಯೋ ಪೆಟ್ಟಿಗೆಯ ಕಡ್ಡಿ ಸರಿಸಿ ಅದನ್ನು ನೆಲಕ್ಕೆ ತರಲು ತಿರುಗಿಸುತ್ತಿದ್ದಳು. ಅಷ್ಟರಲ್ಲಿ ಫಕ್ಕೀರಪ್ಪ ಅವಳ ತೋಳು ಹಿಡಿದರು.

“ತರಬ್ಯಾಡವಾ. ಅಲ್ಲಿ ನೋಡು, ಹದ್ದ ಅದಾವ. ಅಲ್ಲಿಗೆ ಒಯ್ಯಿ.”

ಕಬ್ಬಿನ ಗದ್ದೆಯ ಆಚೆ, ಹೊಸದಾಗಿ ನೇಗಿಲು ಹೊಡೆದ ಕಪ್ಪು ಹೊಲದ ಮೇಲೆ, ನಾಲ್ಕು ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು.

“ಅಪ್ಪಾ, ಭಾಳ ದೂರ ಆಕ್ಕೈತಿ. ಅಲ್ಲಿ ಗಾಳಿ ಇರಲಿಲ್ಲಂದ್ರ ಕಬ್ಬಿನ್ಯಾಗ ಬೀಳತೈತಿ.”

“ಹದ್ದಿಗೆ ಸುಳ್ಳ ಹೇಳಾಕ ಬರೂದಿಲ್ಲ. ಒಯ್ಯಿ.”

ಅವಳು ಒಯ್ದಳು. ಬೆಳ್ಳಕ್ಕಿ ಕಬ್ಬಿನ ಸುಳಿಗೆ ತಾಗುವಷ್ಟು ಕೆಳಗೆ ಬಂತು. ಯಾರೋ “ಹೋತು” ಎಂದರು. ಕಪ್ಪು ಹೊಲದ ಅಂಚು ಮುಟ್ಟುತ್ತಲೇ ಒಂದು ರೆಕ್ಕೆ, ಕೆಳಗಿನಿಂದ ಯಾರೋ ಅಂಗೈ ಕೊಟ್ಟು ಎತ್ತಿದಂತೆ, ತಟಕ್ಕನೆ ಮೇಲಾಯಿತು. ಸುಜಾತಾ ಆ ಕಡೆಗೇ ತಿರುಗಿಸಿದಳು. ಬೆಳ್ಳಕ್ಕಿ ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಪ್ರತಿ ಸುತ್ತಿಗೂ ಮೇಲೇರಿತು. ಹದ್ದುಗಳು ಹೆದರಲಿಲ್ಲ. ಒಂದು ಹದ್ದಂತೂ ಪಕ್ಕಕ್ಕೆ ಸರಿದು ಅದಕ್ಕೆ ಜಾಗ ಕೊಟ್ಟಿತು. ಒಂದು ವಿಮಾನ, ನಾಲ್ಕು ಹಕ್ಕಿ, ಐದೂ ಒಂದೇ ದುಂಡು ಏಣಿಯನ್ನು ಹತ್ತುತ್ತಿದ್ದವು.

“ಕರೀ ನೆಲ ಜಲ್ದಿ ಕಾಯತೈತ್ರಿ,” ಎಂದು ಸುಜಾತಾ ಕಣ್ಣು ಕೀಳದೆ ಹೇಳಿದಳು. “ಕಾದ ಗಾಳಿ ಕಂಬದ್ಹಂಗ ಏಳತೈತಿ. ಹದ್ದ ಅದನ್ನ ಹಿಡೀತಾವ.” ಸಾಲೆಯಲ್ಲಿ ನಾನೂ ಇದನ್ನು ಓದಿ ಮಾರ್ಕ್ಸು ತೆಗೆದುಕೊಂಡಿದ್ದೆ. ಕಣ್ಣಾರೆ ನೋಡಿದ್ದು ಅಂದೇ. ಕತ್ತು ನೋಯುತ್ತಿತ್ತು, ಇಳಿಸಲು ಮನಸ್ಸಾಗಲಿಲ್ಲ.

ಏರಿತು, ಏರಿತು. ಅಂಗೈಯಷ್ಟಾಯಿತು, ಬೆರಳಷ್ಟಾಯಿತು, ಅಕ್ಕಿಕಾಳಿನಷ್ಟಾಯಿತು. ಆಮೇಲೆ ಇಲ್ಲವಾಯಿತು.

“ಅಪ್ಪಾ, ಕಾಣವಲ್ದು,” ಎಂದಳು ಸುಜಾತಾ. ಅವಳ ದನಿ ಬದಲಾಗಿತ್ತು. ಕೈಯಲ್ಲಿದ್ದ ಪೆಟ್ಟಿಗೆಯ ಮಾತನ್ನು ವಿಮಾನ ಇನ್ನೂ ಕೇಳುತ್ತದೆ, ಆದರೆ ಅದು ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯದೆ ಏನು ಹೇಳುವುದು? ತಪ್ಪು ತಿರುವು ಕೊಟ್ಟರೆ ಮೂತಿ ಕೆಳಗಾಗಿ ಬೀಳುತ್ತದೆ, ಬೀಳುವ ವೇಗಕ್ಕೆ ರೆಕ್ಕೆ ಮುರಿಯುತ್ತದೆ. ಸುಮ್ಮನಿದ್ದರೆ ಗಾಳಿ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ, ಬಹುಶಃ ಯಲವಿಗಿಯ ರೈಲು ಹಳಿಯ ಮೇಲೆ. ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಿದರು. ಬಿಳಿ ವಿಮಾನ, ಬೆಳ್ಳನೆ ಬಿಸಿಲು. ಫಕ್ಕೀರಪ್ಪ ನಿಧಾನಕ್ಕೆ ನೆಲದ ಮೇಲೆ ಕೂತರು. “ಹೋಗ್ಲಿ ಬಿಡವಾ. ಏರೇತಲ್ಲ, ಸಾಕು,” ಎಂದರು. ನಡುಗುವ ಎರಡೂ ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡರು.

ನನಗೆ ಅವರನ್ನು ನೋಡಲಾಗಲಿಲ್ಲ.

“ಎಲ್ಲಿ ಹೋಗೇತಿ?” ಎಂದಳು ನೀಲಕ್ಕ ನನ್ನ ಹಿಂದಿನಿಂದ. “ಅಲ್ಲೇ ಐತಲ್ಲ. ಮ್ಯಾಲಿನ ಹದ್ದಿಗಿಂತ ಒಂದೀಟ ಮ್ಯಾಲ, ಈ ಕಡೆ.”

ನೀಲಕ್ಕನಿಗೆ ಸೂಜಿಯ ಕಣ್ಣು ಕಾಣುವುದಿಲ್ಲ, ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಆದರೆ ಸಣ್ಣವಳಿದ್ದಾಗಿನಿಂದ ಜೋಳದ ಹೊಲದ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಕಾದವಳು. ಹಕ್ಕಿ ತೆನೆಗೆ ಇಳಿದ ಮೇಲೆ ಕಂಡು ಉಪಯೋಗವಿಲ್ಲ, ಬರುವಾಗಲೇ ಕಾಣಬೇಕು. ನಾವೆಲ್ಲ ಆಕಾಶವನ್ನು ಖಾಲಿ ಎಂದು ತಿಳಿದಿದ್ದ ಹೊತ್ತಿನಲ್ಲಿ ಅವಳು ಅದರಲ್ಲಿ ದುಡಿಯುತ್ತಿದ್ದಳು.

ಸುಜಾತಾ ಅವಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಳು. “ಈಗ ಸ್ವಲ್ಪ ತಿರಗಸ್ತೇನ್ರಿ. ಏನ ಕಾಣತೈತಿ ಹೇಳ್ರಿ.”

“ಮಿಂಚ್ತು. ಹೊಟ್ಟಿ ತೋರಸ್ತು. ಈಗ ಬಲಕ್ಕ ಹೊಂಟೇತಿ.”

“ನಿಮ್ಮ ಬಲಕ್ಕೋ, ಅದರ ಬಲಕ್ಕೋ?”

ಇದು ಕಲಿತವರೂ ಎಡವುವ ಜಾಗವಂತೆ. ವಿಮಾನ ನಮ್ಮ ಕಡೆ ಮುಖ ಮಾಡಿದರೆ ಅದರ ಬಲ ನಮಗೆ ಎಡವಾಗುತ್ತದೆ. ನಾನಾಗಿದ್ದರೆ ಯೋಚಿಸುವಷ್ಟರಲ್ಲಿ ವಿಮಾನ ಹುಬ್ಬಳ್ಳಿ ಮುಟ್ಟಿರುತ್ತಿತ್ತು.

“ಅದರದ್ದವಾ,” ಎಂದಳು ನೀಲಕ್ಕ. “ಎತ್ತಿನ ಹಿಂದ ನಿಂತ ಹೇಳಾಕತ್ತೇನಿ. ನೀ ಹೊಡಿ.”

ಆಮೇಲೆ ಅಲ್ಲಿ ಕೇಳಿಸಿದ್ದು ನೀಲಕ್ಕನ ದನಿಯೊಂದೇ. “ಎಡಕ್ಕ... ಇನ್ನೊಂದೀಟ... ನಿಂದ್ರಸು. ಮೂತಿ ತಗ್ಗಿಸ್ತು, ಎತ್ತು, ಎತ್ತು. ಹಾಂ, ಹಂಗ ಬರ್ಲಿ.” ಸುಜಾತಾಳ ಹೆಬ್ಬೆರಳುಗಳು ಕೂದಲೆಳೆಯಷ್ಟು ಸರಿಯುತ್ತಿದ್ದವು. ಹಣೆಯ ಬೆವರು ಕಣ್ಣಿಗೆ ಇಳಿದರೂ ಅವಳು ಒರೆಸಿಕೊಳ್ಳಲಿಲ್ಲ. ಎಷ್ಟು ಹೊತ್ತಾಯಿತೋ, ಯಾರೋ “ಕಂಡ್ತು!” ಎಂದು ಕೂಗಿದರು. ಅಕ್ಕಿಕಾಳು ಮತ್ತೆ ಹುಟ್ಟಿತು, ಬೆರಳಾಯಿತು, ಅಂಗೈಯಾಯಿತು. ಬೆಳ್ಳಕ್ಕಿ ಕಬ್ಬಿನ ಮೇಲೆ ತೇಲಿ ಬಂದು, ಹೊಲದಂಚಿನ ಕೂಳೆಗಳನ್ನು ಸವರಿ, ಫಕ್ಕೀರಪ್ಪ ಕೂತಿದ್ದಲ್ಲಿಗೆ ಹತ್ತು ಹೆಜ್ಜೆ ದೂರದಲ್ಲಿ ಸದ್ದಿಲ್ಲದೆ ನಿಂತಿತು.

ಚಪ್ಪಾಳೆ ಬೀಳಲು ಸ್ವಲ್ಪ ತಡವಾಯಿತು. ಎಲ್ಲರೂ ಮೊದಲು ಉಸಿರು ಬಿಡಬೇಕಿತ್ತಲ್ಲ.

ಫಕ್ಕೀರಪ್ಪ ಎದ್ದು ಬಂದು ನೀಲಕ್ಕನಿಗೆ ಕೈ ಮುಗಿದರು. “ಎಲ್ಲಿ ಕಲ್ತ್ರೀ ಯವ್ವಾ ಇದನ್ನ?”

“ನಾ ಏನ ಕಲ್ತೇನ್ರಿ. ನೋಡೇನಿ, ಅಷ್ಟ.”

ಅವರು ಬೆಳ್ಳಕ್ಕಿಯನ್ನು ಎತ್ತಿಸಿ ಅವಳ ತೋಳಿಗೆ ಕೊಡಿಸಿದರು. ಅಷ್ಟು ದೊಡ್ಡದು ಅಷ್ಟು ಹಗುರ ಇರುತ್ತದೆಂದು ತಿಳಿಯದೆ ಅವಳು ಬಲ ಹಾಕಿ ಹಿಡಿದಳು, ಆಮೇಲೆ ನಾಚಿದಂತೆ ಸಡಿಲಿಸಿದಳು. ಕಟ್ಟಿಗೆಯ ಪಟ್ಟಿಗಳ ನಡುವಿನ ತೆಳು ಹೊದಿಕೆಯಲ್ಲಿ ಬಿಸಿಲು ಹಾಯ್ದು ಅವಳ ಸೀರೆಯ ಮೇಲೆ ಬಿದ್ದಿತ್ತು.

“ಇನ್ನೊಂದ ಮಾಡ್ರಿ,” ಎಂದಳು.

“ಕೈ ಒಲ್ಲೆ ಅಂತಾವ್ರಿ.” ಮಗಳ ಕಡೆ ನೋಡಿದರು. “ಖರೆ, ಇಕಿ ಕೊಯ್ದ್ರ ನಾ ಹೇಳಬಹುದು.”

“ನಾಳಿಂದನ ಕೊಯ್ತೇನಿ,” ಎಂದಳು ಸುಜಾತಾ. ಹಣೆ ಒರೆಸಿಕೊಂಡದ್ದು ಆಗ.

ಮಧ್ಯಾಹ್ನದ ಬಸ್ಸಿಗೆ ಹೊರಟೆವು. ದಾರಿ ಆ ಕಪ್ಪು ಹೊಲದ ಬದುವಿನ ಮೇಲೆಯೇ ಇತ್ತು. ಹದ್ದುಗಳು ಇನ್ನೂ ಸುತ್ತುತ್ತಿದ್ದವು. ನೀಲಕ್ಕ ನಿಂತು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ನೇಗಿಲ ಸಾಲಿನೊಳಗೆ ಇಳಿದಳು.

“ಅಕ್ಕಾ, ಕಾಲ ಸುಡತೈತಿ, ಬಾ.”

“ಐವತ್ತ ವರ್ಷ ಸುಡಿಸ್ಕೊಂಡೇನೋ,” ಎಂದಳು. “ಬ್ಯಾಸಗಿಯಾಗ ಇದನ್ನ ಬೈದಷ್ಟ ಯಾರನ್ನೂ ಬೈದಿಲ್ಲ. ಈ ಕಾವು ಇಲ್ಲಿಂದ ಎದ್ದು ಎಲ್ಲಿಗೆ ಹೊಕ್ಕೈತಿ ಅಂತ ಒಬ್ಬರೂ ಹೇಳಿರಲಿಲ್ಲ ನೋಡು.”

ಹೇಳಿ ಅವಳು ಕತ್ತೆತ್ತಿ, ತನ್ನ ಕಾಲ ಬುಡದಿಂದ ಸುರುವಾಗಿ ಮೇಲಕ್ಕೆ, ಮೇಲಕ್ಕೆ ನೋಡುತ್ತ ಹೋದಳು. ಬಸ್ಸಿನ ಹಾರ್ನ್ ಕೇಳಿಸಿತು. ಮೂವತ್ತು ವರ್ಷದಲ್ಲಿ ಮೊದಲ ಸಲ, ಬಸ್ಸು ಬಂತೆಂದು ನಾನು ಯಾರಿಗೂ ಹೇಳಲಿಲ್ಲ. ಚಪ್ಪಲಿ ಕಳಚಿದೆ.