ಸೊಸೆಯ ಬಾಟಲಿ ಹಿಡಿದು ಶಿವಮೊಗ್ಗಕ್ಕೆ

ನನ್ನ ಸೊಸೆಯ ಗರ್ಭಕೋಶದ ಒಂದು ಚೂರನ್ನು ಮಡಿಲಲ್ಲಿಟ್ಟುಕೊಂಡು ನಾನು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿದ್ದೇನೆ. ಹೀಗೆಂದರೆ ಜನ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ನರ್ಸಿಂಗ್ ಹೋಮಿನಲ್ಲಿ ತೆಗೆದದ್ದನ್ನು ಲ್ಯಾಬಿಗೆ ಮುಟ್ಟಿಸುವುದು ನಮ್ಮ ಕಡೆ ಮನೆಯವರದೇ ಕೆಲಸ. ಮಗನಿಗೆ ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟು, ಸೊಸೆಗೆ ಕಿಬ್ಬೊಟ್ಟೆ ನೋವು. ಉಳಿದವಳು ನಾನು.

ಮದುವೆಯಾಗಿ ಆರು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಮಗನ ಪರೀಕ್ಷೆಗಳಲ್ಲಿ ಏನೂ ದೋಷ ಸಿಗಲಿಲ್ಲ. ಕಾರಣ ಹೊಳೆಹೊನ್ನೂರಿನ ಅವಳ ತವರಿನಲ್ಲೇ ಇದೆಯೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವಳ ಚಿಕ್ಕಮ್ಮನಿಗೂ ಮಕ್ಕಳಿಲ್ಲ, ಇನ್ನೇನು ಸಾಕ್ಷಿ ಬೇಕು? ಡಾಕ್ಟರಮ್ಮ ಮಾತ್ರ ಬೇರೆಯದೇ ಹೇಳಿದರು. ಗರ್ಭಕೋಶದ ಒಳಗೆ ತಿಂಗಳು ತಿಂಗಳೂ ಒಂದು ಮೆತ್ತನೆಯ ಪದರ ಬೆಳೆಯುತ್ತದಂತೆ. ಮಗು ಬಂದರೆ ನೆಲೆಯೂರುವುದು ಅಲ್ಲೇ, ಬಾರದಿದ್ದರೆ ಅದು ಮುಟ್ಟಿನಲ್ಲಿ ಹೋಗುತ್ತದೆ. ಹೋಗುವ ಮುಂಚೆ ಅದರ ಚೂರು ತೆಗೆದು ನೋಡಿದರೆ ಕಾರಣ ಸಿಗಬಹುದು. ಹೆತ್ತವಳಾದ ನನಗೆ ಅಂಥದೊಂದು ಪದರ ನನ್ನೊಳಗೂ ಇತ್ತೆಂಬುದೇ ಗೊತ್ತಿರಲಿಲ್ಲ.

ಬಸ್ಸು ಹೊರಟ ಮೇಲೆ ಸೆರಗು ಸರಿಸಿ ಬಾಟಲಿಯನ್ನು ಒಮ್ಮೆ ನೋಡಿದೆ. ಔಷಧಿಯ ನೀರಿನಲ್ಲಿ ನಸುಗೆಂಪು ಕೆನೆಯ ಹರಕಿನಂಥದ್ದು ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಮತ್ತೆ ಸೆರಗು ಮುಚ್ಚಿದೆ.

"ಏನಮ್ಮಾ, ತುಪ್ಪನಾ? ಅಷ್ಟು ಜೋಪಾನವಾಗಿ ಹಿಡ್ಕೊಂಡಿದೀರಲ್ಲ" ಎಂದಳು ಪಕ್ಕದ ಹೆಂಗಸು.

"ಹೂಂ, ಸೊಸೆ ಕೊಟ್ಟಿದ್ದು" ಅಂದೆ.

"ಪುಣ್ಯವಂತ್ರು ಬಿಡಿ. ನಮ್ಮನೇಲಿ ಒಂದ್ ಲೋಟ ಮಜ್ಜಿಗೆ ಕೇಳಿದ್ರೂ ಮುಖ ಗಂಟಿಕ್ತಾಳೆ ಮಾರಾಯ್ತಿ."

ಬಿಸಿಲು, ಎಂಜಿನ್ನಿನ ಗುಂಯ್ ಸದ್ದು. ಕಣ್ಣು ಎಳೆಯತೊಡಗಿತು. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಹೊತ್ತಿನಲ್ಲಿ ನನ್ನ ಮಡಿಲಲ್ಲೊಂದು ಮಗು ಕೂತಿತ್ತು. ಮುಖ ನನಗೆ ಕಾಣುತ್ತಿರಲಿಲ್ಲ, ಅದು ಕಿಟಕಿಯಾಚೆ ನೋಡುತ್ತಿತ್ತು. ಹೊರಗೆ ಗದ್ದೆ, ಗೋಡೌನು, ವರ್ಕ್‌ಶಾಪು ಎಲ್ಲಕ್ಕೂ ಅದೇ ನಸುಗೆಂಪು ಬಣ್ಣ. ನಾನು ಒಂದೊಂದರ ಹೆಸರು ಹೇಳುತ್ತಾ ಹೋದೆ, ನನ್ನ ಬಾಯಿಂದ ಸದ್ದೇ ಬರುತ್ತಿರಲಿಲ್ಲ. ಆದರೂ ಅದಕ್ಕೆ ಕೇಳಿಸುತ್ತಿತ್ತು. ತುಂಗೆಯ ಸೇತುವೆಯ ಮೇಲೆ ನೀರಿನ ಬೆಳಕು ಬಸ್ಸಿನೊಳಗೆಲ್ಲ ಅಲೆಯಾಡಿ, ನಾವಿಬ್ಬರೂ ನೀರೊಳಗೇ ಕೂತಿದ್ದೇವೆ ಅನ್ನಿಸಿತು. "ಹೆದರ್ಬೇಡ, ಬಂದ್ಬಿಟ್ವಿ" ಅಂದೆ. ಈ ಸಲ ಸದ್ದು ಬಂದಿತ್ತು. ಪಕ್ಕದವಳು ಸ್ವಲ್ಪ ಸರಿದು ಕೂತಳು.

ಲ್ಯಾಬಿನ ಕಿಟಕಿಯಲ್ಲಿ ಬಾಟಲಿ ಕೊಟ್ಟು ಬಂದೆ. ಕೆಲವು ದಿನಗಳಾದ ಮೇಲೆ ಡಾಕ್ಟರಮ್ಮ ಮೂವರನ್ನೂ ಕರೆಸಿದರು. ಆ ಚೂರಿನಲ್ಲಿ ಟಿಬಿಯ ಗುರುತು ಸಿಕ್ಕಿತ್ತು, ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಿತ್ತು.

"ಅಲ್ಲಿಗೂ ಟಿಬಿ ಬರುತ್ತಾ?" ಅಂದೆ.

"ಉಸಿರಲ್ಲಿ ಒಳಗೆ ಹೋಗಿ, ರಕ್ತದಲ್ಲಿ ಅಲ್ಲಿಗೆ ಇಳಿಯುತ್ತಮ್ಮ. ಎಷ್ಟೋ ಜನಕ್ಕೆ ಕೆಮ್ಮೇ ಇರಲ್ಲ. ಮನೇಲಿ ಯಾರಿಗಾದ್ರೂ ಇತ್ತಾ?"

ಮಗ ನೆಲ ನೋಡಿದ. ಸೊಸೆ ಹೇಳಬಹುದಿತ್ತು, ಹೇಳಲಿಲ್ಲ.

"ನಮ್ಮ ಯಜಮಾನ್ರಿಗಿತ್ತು" ಅಂದೆ.

ಅವಳು ನಮ್ಮ ಮನೆ ತುಂಬಿದ ವರ್ಷವೇ ಅವರು ಹಾಸಿಗೆ ಹಿಡಿದರು. ಬರೀ ಕೆಮ್ಮು ಎಂದುಕೊಂಡು ತಿಂಗಳುಗಟ್ಟಲೆ ಕಷಾಯ ಕುಡಿಸಿದೆವು. ಟಿಬಿ ಎಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು. ಅವರಿಗೆ ಗಂಜಿ ಕುಡಿಸಿದವಳು, ಕಫದ ಬಟ್ಟಲು ತೊಳೆದವಳು, ಬೆನ್ನು ನೀವುತ್ತಾ ಕೂತವಳು ಇವಳೇ. ನಾನು ಗಡಿಬಿಡಿಯಲ್ಲಿ ಚೆಲ್ಲುತ್ತೇನೆಂದು ಅವರು ಸೊಸೆಯನ್ನೇ ಕರೆಯುತ್ತಿದ್ದರು. ನನಗೆ ಹೊಟ್ಟೆಕಿಚ್ಚೂ ಆಗಿತ್ತು.

ಯಜಮಾನರಿಂದಲೇ ಬಂತೆಂದು ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರಮ್ಮ. ಅದು ಅವರ ದೊಡ್ಡತನ. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ಆಮೇಲೂ ಆ ಪದರದಲ್ಲಿ ಮಗು ನಿಲ್ಲುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು.

ಮಗ ಮಾತ್ರೆ ತರಲು ಹೋದಾಗ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ನಾನೇ ಏನಾದರೂ ಹೇಳಬೇಕಿತ್ತು. ಅವಳೇ ನನ್ನ ಕೈ ಮೇಲೆ ಕೈಯಿಟ್ಟಳು.

"ಮಾವ ಇರೋವಾಗ ಇದು ನಂಗೂ ತಗುಲಿದೆ ಅಂತ ಗೊತ್ತಾಗ್ಲಿಲ್ಲ, ಅದೇ ಒಳ್ಳೇದಾಯ್ತು ಅತ್ತೆ. ಗೊತ್ತಾಗಿದ್ರೆ ನನ್ನನ್ನ ಹತ್ರಾನೂ ಬಿಟ್ಕೊಳ್ತಿರ್ಲಿಲ್ಲ. ಉಪವಾಸ ಬಿದ್ದು ಹೋಗ್ಬಿಡೋರು."

ಗಂಡ ತೀರಿಕೊಂಡ ದಿನವೂ ನಾನು ಹಾಗೆ ಅತ್ತಿರಲಿಲ್ಲ.