ಹನ್ನೆರಡು ಮೂಟೆ ಹೊತ್ತ ಮಹಡಿ

ಬೆಳಗಿನ ಆರು ಗಂಟೆ. ಮಲ್ಲಂದೂರಿನ ಹಳೇ ಎಸ್ಟೇಟ್ ಬಂಗಲೆಯ ಮಹಡಿಗೆ ಐವತ್ತು ಕೆಜಿಯ ಕಾಫಿ ಮೂಟೆಗಳು ಏರುತ್ತಿವೆ. ಕೆಳಗಿನ ಕೋಣೆಯಲ್ಲಿ ಐವತ್ತೆಂಟರ ಬಡಗಿ ಉಬೈದ್ ತಲೆಯೆತ್ತಿ ನಿಂತಿದ್ದಾರೆ. ಗೋಡೆಯಿಂದ ಗೋಡೆಗೆ, ಮರದ ತೊಲೆಯ ಅಡಿಗೆ ತಾಗಿಯೂ ತಾಗದಂತೆ ದಾರ ಎಳೆದು ಕಟ್ಟಿದ್ದಾರೆ. ಹೆಚ್ಚುಕಮ್ಮಿಯಾದರೆ ಇರಲೆಂದು ಆಸರೆಗೆ ಕಂಬಗಳನ್ನೂ ನಿಲ್ಲಿಸಿದ್ದಾರೆ.

"ಏಳಾಯ್ತು!" ಮೇಲಿಂದ ಕೂಗು ಬರುತ್ತದೆ. ತೊಲೆ ಬಾಗಿ ದಾರವನ್ನು ಒತ್ತುತ್ತದೆ.

"ಸಾಕು, ಇಳ್ಸಿ!"

ಹೋಮ್‌ಸ್ಟೇ ಒಡತಿ ನಾಗಶ್ರೀಯವರ ಮುಖ ಸಪ್ಪಗಾಗುತ್ತದೆ. ಮಹಡಿಯ ಬಚ್ಚಲಿಗೆಂದು ತರಿಸಿದ ಎರಕದ ಕಬ್ಬಿಣದ ಟಬ್ಬು ಆಗಲೇ ಅಂಗಳದಲ್ಲಿದೆ, ಶುಕ್ರವಾರ ಅತಿಥಿಗಳು ಬರುತ್ತಾರೆ. "ಸಾಬ್ರೇ, ಟಬ್ಬು ಬರೀ ನೂರೈವತ್ತು ಕೆಜಿ. ಮೂರು ಮೂಟೆ ತೂಕಕ್ಕೆ ಏಳು ಹೇರಿದ್ರಲ್ಲ!"

"ಅಮ್ಮಾವ್ರೇ, ಖಾಲಿ ಟಬ್ಬಲ್ಲಿ ಯಾರು ಸ್ನಾನ ಮಾಡ್ತಾರೆ? ಇನ್ನೂರೈವತ್ತು ಲೀಟರ್ ನೀರು ಅಂದ್ರೆ ಐದು ಮೂಟೆ. ಗಂಡ ಹೆಂಡ್ತಿ ಕೂತ್ರೆ ಇನ್ನೂ ಮೂರು. ಹನ್ನೊಂದಾಯ್ತು. ನನ್ನ ಸಮಾಧಾನಕ್ಕೆ ಇನ್ನೊಂದು."

ಗೋಡೆಯೊಳಗಿದ್ದ ತೊಲೆಯ ತುದಿಗೆ ಉಬೈದ್ ಉಳಿ ಒತ್ತುತ್ತಾರೆ. ಕಳಿತ ಹಲಸಿಗೆ ಚಾಕು ಇಳಿದಂತೆ ಇಳಿಯುತ್ತದೆ. ಬಚ್ಚಲಿನ ತೇವಕ್ಕೆ ಮರ ಒಳಗೇ ಕೊಳೆತಿದೆ.

ಗೋಣಿಬೀಡಿನ ಈ ಬಡಗಿ ಹದಿನಾಲ್ಕು ವರ್ಷಗಳಲ್ಲಿ ಮೂವತ್ತೊಂದು ಬಂಗಲೆಗಳ ಮಹಡಿ ಪರೀಕ್ಷಿಸಿದ್ದಾರೆ. ಗುಡ್ಡ ನೋಡುತ್ತಾ ಮೀಯುವ ಆಸೆ ಅತಿಥಿಗಳಿಗೆ. ಅದರ ಭಾರ ಉಬೈದರ ತಲೆಗೆ. ಮೊದಲನೆಯದರಲ್ಲೇ ಎಡವಿದ್ದರು. ಅತ್ತಿಗುಂಡಿಯಲ್ಲಿ ಟಬ್ಬನ್ನು ಎಸ್ಟೇಟಿನ ಕಾಫಿ ತಕ್ಕಡಿಯಲ್ಲಿ ಖಾಲಿಯಾಗಿ ತೂಗಿ, ನೆಲ ತಡೆಯುತ್ತದೆ ಎಂದುಬಿಟ್ಟಿದ್ದರು. ನೀರು ತುಂಬಿದ್ದೇ ತಡ, ಕೆಳಗಿನ ಊಟದ ಮೇಜಿನ ಮೇಲೆ ಚಾವಣಿಯ ಗಾರೆ ಕಳಚಿಬಿತ್ತು.

"ಐದು ನಿಮಿಷ ತಡವಾಗಿ ಬಿದ್ದಿದ್ರೆ ಮಕ್ಳು ಊಟಕ್ಕೆ ಕೂತಿರ್ತಿದ್ರು. ಆವತ್ತಿಂದ ನೀರನ್ನೂ ತೂಗ್ತೀನಿ ಮಾರಾಯ್ರೆ," ಎನ್ನುತ್ತಾರೆ. ನೆಲ ತಡೆಯದು ಎಂದಾಗ ಸಿಟ್ಟಾಗಿ ಬೇರೆಯವರನ್ನು ಕರೆಸಿದ ಸಾಹುಕಾರರಿದ್ದಾರೆ. ಆದರೆ ಗಟ್ಟಿಯಿಲ್ಲದ ನೆಲವನ್ನು ಗಟ್ಟಿ ಎನ್ನಲು ಉಬೈದರ ನಾಲಿಗೆ ಹೊರಳುವುದಿಲ್ಲ.

ನಾಗಶ್ರೀ ಕೊಳೆತ ತೊಲೆಯಲ್ಲಿ ಹೂತ ಆ ಉಳಿಯನ್ನು ನೋಡುತ್ತಾರೆ. ಆಮೇಲೆ ಫೋನ್ ಎತ್ತಿ ಅತಿಥಿಗಳಿಗೆ ಬರಬೇಡಿ ಎನ್ನುತ್ತಾರೆ.

ಹತ್ತು ದಿನಗಳ ನಂತರ ಹೊಸ ತೊಲೆಯ ಮೇಲೆ ಹನ್ನೆರಡು ಮೂಟೆಗಳು ಇಡೀ ಹಗಲು ಕೂತಿವೆ. ದಾರಕ್ಕೂ ತೊಲೆಗೂ ನಡುವಿನ ಸಂದು ಹಾಗೇ ಇದೆ. ನಾಗಶ್ರೀ ತಾವೇ ಬೆರಳಿಟ್ಟು ನೋಡಿ, "ಗೆದ್ರಿ ಸಾಬ್ರೇ!" ಎನ್ನುತ್ತಾರೆ.

ನಿಮಗೇನು ಆಸೆ ಎಂದರೆ ಉಬೈದ್ ಮೀಸೆಯೊಳಗೇ ನಗುತ್ತಾರೆ. "ಮೇಲೆ ಟಬ್ಬು ತುಂಬಿ, ಜನ ಕೂತಿರುವಾಗ, ಈ ಕೋಣೇಲಿ ಮೊಮ್ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡು ಒಂದು ಲೋಟ ಕಾಫಿ ಕುಡೀಬೇಕು. ಅಷ್ಟೇ."