ಕರಜಗಿಯ ಅಯ್ಯನವರ ಮೊಣಕಾಲು

ಹೆಸರು ಶಾಂತಲಿಂಗಯ್ಯ. ಇಟ್ಟವರಿಗೆ ಅದೇನು ಕಂಡಿತ್ತೋ, ಆ ಮನುಷ್ಯನಲ್ಲಿ ಶಾಂತಿ ಎಂಬುದು ಹುಡುಕಿದರೂ ಸಿಗುತ್ತಿರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಅಫಜಲಪುರ ತಾಲೂಕಿನ ಕರಜಗಿಯಲ್ಲಿ ಅವರು ಜಂಗಮರು. ಬೆಳಗಾದರೆ ಮೊಣಕಾಲ ಕೆಳಗೆ ಜಂಗು ಎಂಬ ಗಂಟೆ ಕಟ್ಟಿ, ಹೆಗಲಿಗೆ ಜೋಳಿಗೆ ಹಾಕಿ, ಮನೆಮನೆಯ ಮುಂದೆ ನಿಂತು ಕಂತಿ ಭಿಕ್ಷೆ ಬೇಡುವುದು ಅವರ ಕಾಯಕ. ಆ ಗಂಟೆ ಕೇಳಿಸಿದರೆ ಹೆಂಗಸರು ಮೊದಲ ಜೋಳದ ರೊಟ್ಟಿಯನ್ನು ಬದಿಗೆ ತೆಗೆದಿಡುತ್ತಿದ್ದರು.

ರೊಟ್ಟಿ ನೀಡಿದವರಿಗೆ ಆಶೀರ್ವಾದವೂ ಸಿಗುತ್ತಿತ್ತು, ಬೈಗುಳವೂ ಸಿಗುತ್ತಿತ್ತು. "ಅಂಗಳ ಯಾಕ ಹಿಂಗದ? ಸೊಸಿ ಕಣ್ಣ ಯಾಕ ಕೆಂಪಾಗ್ಯಾವ? ಹುಡುಗಿನ್ನ ಸಾಲಿ ಬಿಡಿಸಿದ ಮಬ್ಬು ಯಾಂವ?" ಎಂದು ಅಯ್ಯನವರು ಬಾಗಿಲಲ್ಲೇ ಪಂಚಾಯ್ತಿ ಹೂಡುತ್ತಿದ್ದರು. ಊರಿನ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾವ ಅಣ್ಣತಮ್ಮಂದಿರಲ್ಲಿ ಮಾತು ನಿಂತಿದೆ, ಎಲ್ಲ ಅವರಿಗೆ ಗೊತ್ತು. ಬೈಸಿಕೊಂಡವರು ಮರುದಿನ ಮತ್ತೆ ರೊಟ್ಟಿ ಹಿಡಿದು ನಿಲ್ಲುತ್ತಿದ್ದರು, ಇದೇನು ಸಣ್ಣ ಮಾತಲ್ಲ.

ಎಂಬತ್ತರ ದಶಕದ ನಡುವೆ, ಅವರಿಗೆ ಐವತ್ತೈದು ದಾಟಿದ ಮೇಲೆ, ಎರಡೂ ಮೊಣಕಾಲು ಕೈಕೊಟ್ಟವು. ಕೂತರೆ ಏಳಲು ಗೋಡೆ ಬೇಕು, ಎದ್ದರೆ ಚಿಪ್ಪು ಕಟಕಟ ಅನ್ನಬೇಕು. ಜಂಗು ಕಟ್ಟುವ ಜಾಗವೇ ಬಾತು ಗಡ್ಡೆಯಾಯಿತು. ಅಯ್ಯನವರು ಮೊಣಕಾಲನ್ನೂ ಬೈದರು, ಅದೊಂದು ಮಾತ್ರ ಅವರ ಬೈಗುಳಕ್ಕೆ ಬಗ್ಗಲಿಲ್ಲ.

ಆಗ ಬಂದ ದೌಲತರಾಯ. ಭೀಮಾ ನದಿಗೆ ಪಂಪು ಹಚ್ಚಿ ಕಬ್ಬು ಬೆಳೆದು ಕೈ ಬಲಿತ ಸಾವಕಾರ, ಅಯ್ಯನವರ ಮನೆತನದ ಭಕ್ತ. ಒಳ್ಳೆಯವನು. ಕೆಟ್ಟವನು ಹಾನಿ ಮಾಡಿದರೆ ಎದುರು ನಿಂತು ಬೈಯಬಹುದು, ಕೈಮುಗಿದುಕೊಂಡು ಹಾನಿ ಮಾಡುವವನನ್ನು ಏನು ಮಾಡಬೇಕು ಹೇಳಿ? ನಾಲ್ಕು ಹಿರಿಯರನ್ನು ಕರೆತಂದು ಅಂಗಳದಲ್ಲಿ ಅಡ್ಡಬಿದ್ದ.

"ಅಪ್ಪಾವರ, ನಡದ ನಡದ ನಿಮ್ಮ ಕಾಲು ಸವದಾವ. ಇನ್ನ ನಿಮ್ಮ ಪಾದ ನೆಲಕ್ಕ ಹತ್ತಬಾರದು. ಭಿಕ್ಷಾ ನಾವ ಮನಿಗಿ ತಂದು ಮುಟ್ಟಸ್ತೇವ್ರಿ."

"ಬೇಡದ ಬಂದಿದ್ದು ಭಿಕ್ಷಾ ಹೆಂಗ ಆಗ್ತದೋ?" ಎಂದು ಅಯ್ಯನವರು ಗುಡುಗಿದರು. ಆದರೆ ಅವತ್ತು ಬೆಳಿಗ್ಗೆಯಷ್ಟೇ ಮೂರನೆಯ ಮನೆಯ ಮೆಟ್ಟಿಲಲ್ಲಿ ಕಾಲು ಮಡಚಿ ಬಿದ್ದಿದ್ದರು. ನೋವು ಅವರ ಪರವಾಗಿ ಹೂಂ ಅಂದುಬಿಟ್ಟಿತು. ಜಂಗು ಗೂಟಕ್ಕೆ ಹೋಯಿತು, ಪಡಸಾಲೆಯಲ್ಲಿ ಗಾದಿ ಬಿತ್ತು, ಊರಿನ ಮನೆಗಳಿಗೆ ಪಾಳಿ ಹತ್ತಿತು.

ಅಯ್ಯನವರ ಮನೆಗೆ ಹೊತ್ತುಕೊಂಡು ಹೋಗುವುದೆಂದ ಮೇಲೆ ಒಣ ರೊಟ್ಟಿ ಯಾರು ಒಯ್ಯುತ್ತಾರೆ? ಒಬ್ಬರು ಗೋಧಿ ಹುಗ್ಗಿ ತಂದರೆ ಇನ್ನೊಬ್ಬರು ಹೋಳಿಗೆ ತಂದರು, ಮತ್ತೊಬ್ಬರು ಅದರ ಮೇಲೆ ತುಪ್ಪ ಸುರಿದರು. ಭಕ್ತಿಯಲ್ಲಿ ಪೈಪೋಟಿ ಬಿತ್ತು. ಅಯ್ಯನವರು ಕೂತಲ್ಲೇ ಉಂಡರು, ಉಂಡಲ್ಲೇ ಒರಗಿದರು. ಹೊಟ್ಟೆ ಮುಂದೆ ಬಂತು, ತೊಡೆ ಸಣ್ಣಗಾಯಿತು. ಬರುವವರು ಪಾದ ಮುಟ್ಟಿ, ಡಬ್ಬಿ ಇಟ್ಟು, ಹೋಗುತ್ತಿದ್ದರು. ಯಾರ ಸೊಸೆ ಅತ್ತಳು, ಯಾರ ಮಗಳು ಶಾಲೆ ಬಿಟ್ಟಳು, ಯಾರೂ ಹೇಳಲಿಲ್ಲ. ದೇವರ ಮುಂದೆ ಯಾರು ಮನೆಯ ಹೊಲಸು ಬಿಚ್ಚುತ್ತಾರೆ? ಬೈಯಲು ಯಾರೂ ಇಲ್ಲದೆ ಅಯ್ಯನವರು ಹೆಂಡತಿ ಶಿವಕಾಂತಮ್ಮನನ್ನು ಬೈದರು. ನೀರು ತಡವಾದರೆ ಬೈದರು, ಬೇಗ ತಂದರೂ ಬೈದರು.

ನೀರೋ, ಕೊಡಗಟ್ಟಲೆ ಬೇಕಾಗತೊಡಗಿತು. ಬಾಯಿ ಒಣಗುತ್ತಿತ್ತು, ಹಿತ್ತಲಿಗೆ ಮತ್ತೆಮತ್ತೆ ಹೋಗಬೇಕಾಗುತ್ತಿತ್ತು. ದೌಲತರಾಯ ಟ್ರ್ಯಾಕ್ಟರಿನ ಟ್ರೇಲರಿಗೆ ಗಾದಿ ಹಾಸಿ ಅಫಜಲಪುರದ ಡಾಕ್ಟರ್ ಗೌಸಮೊಹಿದ್ದೀನ ಅವರ ಹತ್ತಿರ ಒಯ್ದ. ಡಾಕ್ಟರು ರಕ್ತ ನೋಡಿ, ಮೊಣಕಾಲು ಒತ್ತಿ, ನೆಟ್ಟಗೆ ಹೇಳಿದರು.

"ಅಯ್ಯನವರ, ನಿಮಗ ಸಕ್ಕರಿ ರೋಗ ಬಂದದ. ಮೊಣಕಾಲು ನೋವಿನ ಮಂದಿದು ಇದೇ ಹಣೆಬರಹ. ನೋವಂತ ಕೂಡ್ತಾರ, ಕೂತ್ರ ಮೈ ಬೆಳೀತದ, ಸಕ್ಕರಿ ಏರ್ತದ. ಮೈ ಬೆಳದ್ರ ಮೊಣಕಾಲು ಇನ್ನಾ ನೋಯ್ತದ. ಗುಳಿಗಿ ಕೊಡ್ತೇನಿ, ಆದ್ರ ನೀವು ನಡೀಬೇಕು. ನಿಧಾನ, ಕೋಲು ಹಿಡಕೊಂಡು, ದಿನಾ."

"ಮೊಣಕಾಲ ಹೋದವರಿಗಿ ನಡೀರಿ ಅಂತೀರಲ್ರಿ ಸಾಹೇಬ್ರ" ಎಂದು ದೌಲತರಾಯನೇ ಉತ್ತರ ಕೊಟ್ಟ. ದಾರಿಯಲ್ಲಿ ಅಯ್ಯನವರೂ ಅದನ್ನೇ ಹೇಳಿ ಡಾಕ್ಟರನ್ನು ಊರು ಮುಟ್ಟುವವರೆಗೆ ಬೈದರು. ಇಬ್ಬರ ಕಿವಿಗೂ ಬಿದ್ದದ್ದು ಸಕ್ಕರೆ ಎಂಬ ಮಾತೊಂದೇ. ಮರುದಿನದಿಂದ ಅಯ್ಯನವರ ಚಹಾದಲ್ಲಿ ಸಕ್ಕರೆ ನಿಂತಿತು. ಬದಲಿಗೆ ದೌಲತರಾಯ ತನ್ನ ಗಾಣದ ಹೊಸ ಬೆಲ್ಲದ ಪೆಂಟೆ ಹೊರಿಸಿಕೊಂಡು ಬಂದ.

"ಸಕ್ಕರಿ ಕಾರಖಾನೆದು, ಅದರಾಗ ಔಷಧ ಹಾಕಿರ್ತಾರ. ಇದು ನಮ್ಮ ಹೊಲದ್ದು, ಏನೂ ಮಾಡಂಗಿಲ್ರಿ" ಅಂದ. ಊರೆಲ್ಲ ತಲೆಯಾಡಿಸಿತು. ಹುಗ್ಗಿಗೆ ಒಂದು ಹಿಡಿ ಬೆಲ್ಲ ಜಾಸ್ತಿಯೇ ಬಿತ್ತು. ಅಯ್ಯನವರು ಅದನ್ನು ಔಷಧವೆಂಬಂತೆ ಉಂಡರು.

ಯುಗಾದಿಯ ಹೊತ್ತಿಗೆ ಒಂದು ದಿನ ಶಿವಕಾಂತಮ್ಮ ಎಂದಿನಂತೆ ಇಟ್ಟಂಗಿ ಕಾಸಿ, ಬಟ್ಟೆ ಸುತ್ತಿ, ಮೊಣಕಾಲಿಗೆ ಶಾಖಕ್ಕೆ ಕೊಟ್ಟು ಒಳಗೆ ಹೋದಳು. ಇಟ್ಟಂಗಿ ಜಾರಿ ಹಿಮ್ಮಡಿಯ ಮಗ್ಗುಲಿಗೆ ಬಂದು ನಿಂತಿತು. ಬಟ್ಟೆ ಸುಟ್ಟ ವಾಸನೆ ಬಂದು ಆಕೆ ಓಡಿಬಂದರೆ ಚರ್ಮ ಬೊಬ್ಬೆಯೆದ್ದಿತ್ತು, ಅಯ್ಯನವರು ಹುಗ್ಗಿ ಉಣ್ಣುತ್ತಾ ಕೂತಿದ್ದರು. ಅವರಿಗೆ ಸುಟ್ಟದ್ದೇ ಗೊತ್ತಾಗಿರಲಿಲ್ಲ. ಆಕೆ ಹಣೆ ಹಣೆ ಬಡಿದುಕೊಂಡಳು.

ಗೌಸಮೊಹಿದ್ದೀನ ಡಾಕ್ಟರು ಈ ಸಲ ದೌಲತರಾಯನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಶಿವಕಾಂತಮ್ಮನಿಗೆ ಹೇಳಿದರು. "ಅಮ್ಮಾವರ, ಸಕ್ಕರಿ ಕಾಲಿನ ಅರಿವು ತಿಂದದ. ಈ ಗಾಯ ಮಾಯ್ತಂದ್ರ ದೇವರು ದೊಡ್ಡಾಂವ. ಮುಂದಿನ ಗಾಯ ಮಾಯಂಗಿಲ್ಲ, ಪಾದ ಕೊಯ್ಯಬೇಕಾಗ್ತದ. ಬೆಲ್ಲನೂ ಸಕ್ಕರಿನೇ. ಗಾಯ ಆರಿದ ಮ್ಯಾಲ ಇವರನ್ನ ನಡಸ್ರಿ. ನಿಮ್ಮೂರ ಮಂದಿ ಸೇವಾ ಮಾಡಿ ಮಾಡಿ ಇವರ ಕಾಲು ತಗೀತಾರ."

ಗಾಯ ಮಾಯಲು ಎರಡೂವರೆ ತಿಂಗಳು ಕಳೆದು ಕಾರಹುಣ್ಣಿಮೆ ಬರಬೇಕಾಯಿತು. ಅಷ್ಟು ದಿನ ಆಕೆ ಬಂದ ಸಿಹಿಯನ್ನು ಗಂಡನ ತಾಟಿಗೆ ಬೀಳದಂತೆ ಬದಿಗಿಡುತ್ತಾ ಬಂದಳು. ಶ್ರಾವಣದ ಮೊದಲ ಸೋಮವಾರ ದೌಲತರಾಯ ಹುಗ್ಗಿಯ ಹಂಡೆ ಹೊರಿಸಿಕೊಂಡು ಬಂದಾಗ ಬಾಗಿಲಿಗೆ ಅಡ್ಡ ನಿಂತಳು.

"ತಿರುಗಿ ಒಯ್ರಿ."

"ಅಮ್ಮಾವರ, ಜಂಗಮರ ಬಾಗಲದಿಂದ ನೈವೇದ್ಯ ತಿರುಗಿ ಕಳಸ್ತೀರಿ? ನಮ್ಮ ವಂಶಕ್ಕ ಒಳ್ಳೇದಾಗ್ತದೇನ್ರಿ?"

"ನಿಮ್ಮ ವಂಶಕ್ಕ ಒಳ್ಳೇದಾಗ್ಲಿಕ್ಕಿ ನನ್ನ ಗಂಡನ ಪಾದ ಕೊಡಬೇಕೇನು? ನೀರು ಹಾಕಿ ತೊಳೀತೀರಿ, ಹೂವು ಏರಿಸ್ತೀರಿ, ಅದು ಸುಟ್ಟಾಗ ನಿಮಗ್ಯಾರಿಗಿ ಉರೀತು? ಊರಿಗೆಲ್ಲಾ ಹೇಳ್ರಿ, ಈ ಮನಿಗಿ ಯಾರೂ ಏನೂ ತರಬ್ಯಾಡ್ರಿ. ಅಯ್ಯನವರು ಭಿಕ್ಷಾಕ್ಕ ಬರ್ತಾರ, ಅವಾಗ ನೀಡ್ರಿ."

ಊರು ಆಕೆಯ ಬಾಯಿಗೆ ಹುಳ ಬೀಳಲಿ ಎಂದಿತು. ಒಳಗೆ ಅಯ್ಯನವರು ಕೆಂಡವಾಗಿದ್ದರು. ಹೆಂಡತಿಯಾದವಳು ಮನೆಗೆ ಬಂದ ಭಕ್ತರ ಮುಂದೆ ಮಾನ ತೆಗೆದಳಲ್ಲ. "ಹಸಿವಾಗ್ಯಾದ, ತಾಟು ತಾ" ಎಂದು ಅರಚಿದರು. ಆಕೆ ಗೂಟದ ಮೇಲಿನ ಜೋಳಿಗೆ ತಂದು ತೊಡೆಯ ಮೇಲೆ ಹಾಕಿದಳು.

"ಬೇಡದ ಬಂದಿದ್ದು ಭಿಕ್ಷಾ ಅಲ್ಲ ಅಂತ ಊರಿಗೆಲ್ಲಾ ಹೇಳಿದವರು ನೀವೇ. ಊಟ ಊರಾಗದ."

"ನನ್ನ ಕೊಲ್ಲಬೇಕಂತ ಮಾಡಿಯೇನು?"

"ಕೊಲ್ಲಾಕತ್ತವರು ಹಂಡೆ ಹೊತ್ತುಕೊಂಡು ಹೋದ್ರು. ನಾ ನಿಮ್ಮನ್ನ ಎಬ್ಬಸಾಕತ್ತೇನಿ" ಅಂದಳು ಶಿವಕಾಂತಮ್ಮ. ಅಷ್ಟು ಹೇಳಿ ಒಳಗೆ ಹೋಗಿಬಿಟ್ಟಳು.

ಅಯ್ಯನವರು ಬಹಳ ಹೊತ್ತು ಬೈದರು. ಆಕೆಯ ತವರನ್ನು ಬೈದರು, ಡಾಕ್ಟರನ್ನು ಬೈದರು. ಕೊನೆಗೆ ಆ ಸಿಟ್ಟಿನಲ್ಲೇ ಕೋಲು ಊರಿ, ಗೋಡೆ ಹಿಡಿದು ಎದ್ದರು, ಜೋಳಿಗೆಯನ್ನು ಹೆಗಲಿಗೆ ಎಸೆದುಕೊಂಡು ಚಪ್ಪಲಿ ಮೆಟ್ಟಿದರು. ಈ ಮನೆಯಲ್ಲಿ ಇರಬಾರದೆಂದೇ ಹೊರಟದ್ದು. ಅಂಗಳ ದಾಟುವಷ್ಟರಲ್ಲಿ ಬೆವರು ಇಳಿಯಿತು. ಮೊಣಕಾಲಲ್ಲಿ ಯಾರೋ ಉಸುಕು ತುಂಬಿದಂತಾಗಿತ್ತು. ನಡೆದರು, ನಿಂತರು, ಮತ್ತೆ ನಡೆದರು.

ಓಣಿಯ ಜನ ಹೊರಬಂದಿತು. ದೌಲತರಾಯ "ಯಾರರ ಕುರ್ಚಿ ತರ್ರೋ" ಎನ್ನುತ್ತಾ ಓಡಿಬಂದ, ತೋಳು ಹಿಡಿಯಲು ಕೈ ಚಾಚಿದ. ಅಯ್ಯನವರು ಆ ಕೈಯನ್ನು ನೋಡಿದರು. ಇಷ್ಟು ದಿನ ಸಿಟ್ಟನ್ನೆಲ್ಲ ತಪ್ಪಾಗಿ ಹೆಂಡತಿಯ ಮೇಲೆ ಇಳಿಸಿದ್ದೇನೆಂಬುದು ಆಗ ಅವರಿಗೆ ಹೊಳೆಯಿತು.

"ಮುಟ್ಟಬ್ಯಾಡ. ನೀ ಕೂಡ್ಸಿದಿ, ನಾ ಕೂತೆ. ಇಬ್ಬರೂ ಮಬ್ಬರೇ. ಸರಿ ಅತ್ಲಾಗ" ಎಂದು ಕೋಲು ಎತ್ತಿದರು. ದೌಲತರಾಯ ಗೋಡೆಗೆ ಅಂಟಿ ನಿಂತ.

ಓಣಿಯ ಮೊದಲ ಮನೆ ಮುದುಕಿ ಭಾಗಮ್ಮನದು. ಅಯ್ಯನವರು ಬರುತ್ತಿದ್ದಾರೆಂದು ಕೇಳಿ ಆಕೆ ಬಿಸಿ ರೊಟ್ಟಿ ಹಿಡಿದು ಬಾಗಿಲಿಗೆ ಬಂದಳು. ಅವರು ಇನ್ನೂ ದೂರದಲ್ಲಿ, ಬೇವಿನ ಗಿಡಕ್ಕೆ ಒರಗಿ ಏದುಸಿರು ಬಿಡುತ್ತಿದ್ದರು. "ಯಪ್ಪಾ, ಅಲ್ಲೇ ನಿಲ್ರಿ, ನಾ ತರ್ತೇನಿ" ಎಂದು ಒಂದು ಕಾಲು ಆಚೆ ಇಟ್ಟಳು.

"ಭಾಗಮ್ಮ, ಕಾಲ ಒಳಗ ತಗಿ ಬೇ" ಎಂದರು ಅಯ್ಯನವರು. ಓಣಿಯ ತುದಿಯವರೆಗೆ ಕೇಳಿಸಿತು. "ನಾ ಬರೂತನಾ ಹೊಸ್ತಿಲ ದಾಟಬ್ಯಾಡ. ದಾಟಿದ್ರ ನಿನ್ನ ಮನಿ ರೊಟ್ಟಿ ನನಗ ಬ್ಯಾಡ."

ಭಾಗಮ್ಮ ಕಾಲು ಒಳಗೆ ತೆಗೆದುಕೊಂಡಳು. ಅಯ್ಯನವರು ಗಿಡ ಬಿಟ್ಟು ಕೋಲನ್ನು ಮುಂದೆ ಊರಿದರು. ಆಕೆಯ ಕೈಯಲ್ಲಿದ್ದ ರೊಟ್ಟಿ ಆರಿತು, ಕಣ್ಣಲ್ಲಿ ನೀರು ಇಳಿಯಿತು, ಆದರೆ ಆಕೆ ಹೊಸ್ತಿಲ ಒಳಗೇ ನಿಂತಿದ್ದಳು.